ಎಡಗಡೆಯ ಕೆಳಗಿನ ಬೋಲ್ಟು

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಒಂದು ಸೊಳ್ಳೆ ಹೊಡೆಯದೆ ಇದ್ದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಸಂಜೆ ಪೊಲೀಸರು ಬಂದು ಬಾಗಿಲು ತಟ್ಟಿದಾಗಲೇ ಗೊತ್ತಾಗುತ್ತಿತ್ತು.

ನಮ್ಮದು ಮಾತ್ಸುಯಿದಾದಲ್ಲಿ, ಉಸುಯಿ ಘಾಟಿಯ ಬುಡದಲ್ಲಿ, ಇಬ್ಬರೇ ಕೆಲಸ ಮಾಡುವ ಗ್ಯಾರೇಜು. ಮೊಗಿ ಟಾಕುಜಿ, ಅಂದರೆ ನನ್ನ ಯಜಮಾನರು, ಮತ್ತು ನಾನು, ಕಿನುಯೆ. ಹಳೇ ಸ್ಪೋರ್ಟ್ಸ್ ಕಾರುಗಳೇ ನಮ್ಮ ಹೊಟ್ಟೆಪಾಡು. ಮದುವೆಯಾಗಿ ಬಂದಾಗ ನನಗೆ ಪಾನಾ ಹಿಡಿಯಲೂ ಬರುತ್ತಿರಲಿಲ್ಲ. ಈಗ ನನ್ನ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ, ಹೋಗಲಿ ಎಂದು ನಾನೂ ಬಯಸಿಲ್ಲ.

ಮಾವನ ಕಾಲದಿಂದಲೂ ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟುಪಾಡಿದೆ. ಒಬ್ಬರು ಟಾರ್ಕ್ ಪಾನಾದಿಂದ ಬೋಲ್ಟು ಬಿಗಿ ಮಾಡಬೇಕು. ಎಷ್ಟು ಬಿಗಿಯಾಗಬೇಕೋ ಅಷ್ಟಾದಾಗ ಆ ಪಾನಾ ಟಕ್ ಎನ್ನುತ್ತದೆ. ಆಗ ಬೋಲ್ಟಿಗೆ ಬೆರಳು ತೋರಿಸಿ "ಯೊಶಿ!" ಎಂದು ಕೂಗಬೇಕು, ಸರಿ ಇದೆ ಎಂದರ್ಥ. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಎರಡನೆಯವರು ಬಿಳಿ ಬಣ್ಣದ ಪೆನ್ನಿನಿಂದ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಒಂದು ಗೆರೆ ಎಳೆಯಬೇಕು. ಮುಂದೆ ಯಾವತ್ತು ಬಗ್ಗಿ ನೋಡಿದರೂ ಗೆರೆ ನೇರವಾಗಿದ್ದರೆ ಬೋಲ್ಟು ಅಲ್ಲಾಡಿಲ್ಲ ಎಂದು ತಿಳಿಯಬಹುದು. ಗೆರೆ ಬಿದ್ದ ಬೋಲ್ಟಿಗೆ ನಮ್ಮಲ್ಲಿ ಯಾರೂ ಎರಡನೇ ಸಲ ಪಾನಾ ಹಾಕುವುದಿಲ್ಲ, ಅದರ ಬಗ್ಗೆ ಕೇಳುವುದೂ ಇಲ್ಲ.

ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆದಾಗ ಡಾಕ್ಟರು ಯಜಮಾನರ ಧ್ವನಿಯನ್ನೂ ಜೊತೆಗೇ ತೆಗೆದುಬಿಟ್ಟರು. ಅಂಥಾ ಗಟ್ಟಿ ಗಂಟಲು! ಇವರು ಯೊಶಿ ಎಂದರೆ ಆಚೆ ಬೀದಿಯ ತೋಫು ಅಂಗಡಿಯ ಬೆಕ್ಕು ಎದ್ದು ಓಡುತ್ತಿತ್ತು. ಈಗ ಕೊರಳಲ್ಲಿ ಒಂದು ಪುಟ್ಟ ಬಿಳಿ ಹಲಗೆ ನೇತುಹಾಕಿಕೊಂಡು, ಹೇಳಬೇಕಾದ್ದನ್ನು ಅದರಲ್ಲಿ ಬರೆದು ತೋರಿಸುತ್ತಾರೆ. ಕಾರಿನಡಿ ಮಲಗಿದವರು ಬರೆಯುವುದು ಹೇಗೆ? ಅದಕ್ಕೇ ಯೊಶಿಯ ಬದಲು ಒಂದು ಚಪ್ಪಾಳೆ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಚಪ್ಪಾಳೆ ಕೇಳಿದರೆ ನಾನು ಗೆರೆ ಎಳೆಯುವುದು. ಇದನ್ನು ಯೋಚಿಸಿದವಳು ನಾನೇ, ಆಗ ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ.

ಆ ವಾರ ಬಂದಿದ್ದದ್ದು ನೆಗಿಶಿ ಸದಾವೊ ಅವರ ಹಳದಿ ಕಾರು. ಎರಡೇ ಸೀಟು, ಮೂವತ್ತಮೂರು ವರ್ಷದ ಹಳೆಯದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅದರ ಎಂಜಿನ್ನು ಸಿಕ್ಕಾಪಟ್ಟೆ ಕಾಯುತ್ತದೆ. ಅದಕ್ಕೇ ಮುಂದಿನ ಎರಡು ಮೂಲೆಗಳಲ್ಲಿ, ಚಕ್ರಗಳ ಮುಂದುಗಡೆ, ಒಂದೊಂದು ಆಯಿಲ್ ಕೂಲರ್ ಇದೆ. ಕುದಿಯುವ ಆಯಿಲ್ಲು ಉದ್ದನೆಯ ಹೋಸ್ ಪೈಪಿನಲ್ಲಿ ಅಲ್ಲಿಗೆ ಹೋಗಿ, ಗಾಳಿಗೆ ಆರಿ ಮತ್ತೆ ಎಂಜಿನ್ನಿಗೆ ಬರಬೇಕು. ಆ ಹೋಸುಗಳು ವಯಸ್ಸಾಗಿ ಕಟ್ಟಿಗೆಯ ಹಾಗೆ ಗಡುಸಾಗಿ, ತುದಿಗಳಲ್ಲಿ ಬೆವರುತ್ತಿದ್ದವು. ಎಲ್ಲವನ್ನೂ ಬದಲಾಯಿಸಿದೆವು. ಒಂದೊಂದು ಕೂಲರಿಗೆ, ಒಳಗಿಂದ ಆಯಿಲ್ಲು ಹರಿಯುವ ಎರಡೆರಡು ಟೊಳ್ಳು ಬೋಲ್ಟು, ಪ್ರತಿ ಬೋಲ್ಟಿಗೆ ಎರಡು ಹೊಸ ತಾಮ್ರದ ವಾಷರು. ಬೋಲ್ಟು ಸರಿಯಾಗಿ ಬಿಗಿದರೆ ವಾಷರು ಹಿಂಡಿ ಕೂತು ಒಂದು ಹನಿಯನ್ನೂ ಬಿಡುವುದಿಲ್ಲ. ಒಟ್ಟು ನಾಲ್ಕು ಬೋಲ್ಟು, ನಾಲ್ಕು ಚಪ್ಪಾಳೆ, ನಾಲ್ಕು ಗೆರೆ.

ಹನ್ನೆರಡೂವರೆಗೆ ನೆಗಿಶಿ ಸಾನ್, ಅಂದರೆ ನೆಗಿಶಿಯವರು, ಮಗಳ ಜೊತೆ ಬಂದರು. ಎಂಬತ್ತೆರಡರ ಮುದುಕರು. ಪ್ರತಿ ಬೇಸಿಗೆಯಲ್ಲೂ ಒಂದು ದಿನ ಹಳೇ ಘಾಟಿ ರಸ್ತೆಯಲ್ಲಿ ಮೇಲಿನ ಕರುಯಿಜಾವಾ ಊರಿಗೆ ಹೋಗಿ ಕಾಫಿ ಕುಡಿದು ಬರುವುದು ಅವರ ವ್ರತ. ವಯಸ್ಸಾಯಿತೆಂದು ಈ ವಸಂತದಲ್ಲಿ ತಾವಾಗಿಯೇ ಹೋಗಿ ಲೈಸೆನ್ಸು ವಾಪಸು ಕೊಟ್ಟು ಬಂದಿದ್ದರು. ಈ ವರ್ಷ ಓಡಿಸುವವಳು ಮಗಳು ಫುಮಿಕಾ, ತಕಾಸಾಕಿಯಲ್ಲಿ ಸ್ಕೂಲು ಟೀಚರು.

"ಯಜಮಾನ್ತಿ, ನನ್ನ ಹುಡುಗಿ ಹೇಗಿದಾಳೆ?" ಎಂದರು, ಕಾರಿನ ಬೆನ್ನು ಸವರುತ್ತಾ.

"ನಿಮ್ಮ ಹುಡುಗಿ ಮೂಗು ಸೋರ್ತಿತ್ತು, ಒರೆಸಿ ಕಳಿಸ್ತಿದೀವಿ," ಎಂದೆ. "ನೀವು ಪಕ್ಕದ ಸೀಟಲ್ಲಿ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಮಗಳ ತಲೆ ತಿನ್ಬೇಡಿ."

"ಅದೊಂದು ಆಗಲ್ಲ ಆಂಟಿ," ಎಂದಳು ಫುಮಿಕಾ. "ನನ್ನ ಕಾರು ಮನೆಯಿಂದ ರಿವರ್ಸ್ ತೆಗೆಯೋವಾಗ್ಲೇ ಹನ್ನೊಂದು ತಪ್ಪು ತೋರಿಸಿದ್ದಾರೆ."

"ಹನ್ನೆರಡು," ಎಂದರು ಮುದುಕರು.

ಎಲ್ಲರೂ ನಕ್ಕೆವು. ಕಾರು ಗುರ್ ಎಂದು ಹೊರಟಿತು. ನಾವಿಬ್ಬರೂ ರಸ್ತೆಯವರೆಗೆ ಬಂದು, ಅದು ಕಣ್ಮರೆಯಾಗುವ ತನಕ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆವು. ಆಮೇಲೆ ಒಳಗೆ ಬಂದು ಮಂಜುಗಡ್ಡೆಯ ನೀರಿನಲ್ಲಿ ಅದ್ದಿದ ಶಾವಿಗೆ ತಿನ್ನಲು ಕೂತೆವು. ಗಂಟೆ ಒಂದು ದಾಟಿತ್ತು.

ಎರಡು ತುತ್ತು ತಿಂದಿರಬೇಕು. ಯಜಮಾನರು ಚಾಪ್‌ಸ್ಟಿಕ್ ಕೆಳಗಿಟ್ಟು ಫಟ್ ಎಂದು ಚಪ್ಪಾಳೆ ಹೊಡೆದರು. ಅಂಗೈ ಬಿಡಿಸಿದರೆ ರಕ್ತದ ಚುಕ್ಕೆಯ ಜೊತೆ ಅಪ್ಪಚ್ಚಿಯಾದ ಸೊಳ್ಳೆ.

"ಯೊಶಿ!" ಎಂದು ನಾನು ತಮಾಷೆ ಮಾಡಿದೆ. "ಗೆರೆ ಎಳೀಲಾ?"

ಇವರು ನಗುತ್ತಾ ಹಲಗೆಯಲ್ಲಿ ಬರೆದು ತೋರಿಸಿದರು: "ಬೆಳಿಗ್ಗೆಯಿಂದ ಕಾಡ್ತಿತ್ತು. ಎಡಗಡೆ ಕೆಳಗಿನ ಬೋಲ್ಟ್ ಹತ್ರ ಒಂದು ಹೊಡೆದೆ, ತಪ್ಪಿಸ್ಕೊಳ್ತು. ಈಗ ಸಿಕ್ತು."

ನಾನೂ ನಕ್ಕೆ. ಶಾವಿಗೆಯನ್ನು ಬಾಯಿಗಿಟ್ಟೆ. ಆಮೇಲೆ ಚಾಪ್‌ಸ್ಟಿಕ್ ಕೆಳಗಿಟ್ಟೆ.

ಎಡಗಡೆ ಮೇಲಿನ ಬೋಲ್ಟಿಗೆ ಒಂದು ಚಪ್ಪಾಳೆ ಕೇಳಿದ್ದೆ, ಗೆರೆ ಎಳೆದಿದ್ದೆ. ಕೆಳಗಿನದಕ್ಕೆ ಒಂದು ಚಪ್ಪಾಳೆ ಕೇಳಿದ್ದೆ, ಗೆರೆ ಎಳೆದಿದ್ದೆ. ಆಗ ಗಾಳಿಯ ಕಂಪ್ರೆಸರು ಹೊಡೆದುಕೊಳ್ಳುತ್ತಿತ್ತು, ಪಾನಾದ ಟಕ್ ಯಾರಿಗೆ ಕೇಳುತ್ತದೆ?

"ರೀ," ಎಂದೆ. "ಕೆಳಗಿನ ಬೋಲ್ಟಿಗೆ ಎಷ್ಟು ಸಲ ಚಪ್ಪಾಳೆ ಹೊಡೆದ್ರಿ?"

ಇವರು ನನ್ನ ಮುಖ ನೋಡಿದರು. ಒಂದು ಬೆರಳು ಎತ್ತಿದರು. ಆಮೇಲೆ ಆ ಬೆರಳಿನಿಂದಲೇ ಅಂಗೈ ಮೇಲಿನ ಸೊಳ್ಳೆಯನ್ನು ತೋರಿಸಿದರು. ಅವರ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ.

"ಟಾರ್ಕ್ ಪಾನಾ ಹಾಕಿದ್ರೋ ಇಲ್ವೋ? ಹೇಳ್ರೀ!"

ಹಲಗೆಯಲ್ಲಿ ಬರೆದರು, ಅಕ್ಷರ ಸೊಟ್ಟಸೊಟ್ಟ. ಚಿಕ್ಕ ಪಾನಾದಲ್ಲಿ ಕೂರಿಸಿ ದೊಡ್ಡದನ್ನು ತೆಗೆದುಕೊಳ್ಳುವಷ್ಟರಲ್ಲಿ ಸೊಳ್ಳೆ ಬಂತಂತೆ. ಅದೇ ಹೊತ್ತಿಗೆ ಪಾರ್ಸೆಲ್ಲಿನವನು ಗಂಟೆ ಒತ್ತಿದ, ಸಹಿ ಹಾಕಲು ಇವರು ಹೊರಗೆ ಹೋದರು. ತಿರುಗಿ ಬಂದು ನೋಡಿದರೆ ಬಿಳಿ ಗೆರೆ. "ನೀನೇ ಬಿಗಿ ಮಾಡಿದೀಯ ಅಂದ್ಕೊಂಡೆ," ಎಂದು ಬರೆದರು. ಅಂದುಕೊಳ್ಳದೆ ಏನು ಮಾಡುತ್ತಾರೆ? ಇವರು ಆಚೆ ಹೋದಾಗ ನಾನೇ ಬಿಗಿ ಮಾಡಿ ಮುಗಿಸಿದ್ದು ಎಷ್ಟೋ ಸಲ ಉಂಟು.

ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ನೋಡಿದ್ದೆವು, ಒಂದು ಹನಿಯೂ ಬಂದಿರಲಿಲ್ಲ. ನಿಂತಲ್ಲಿ ಬರುವುದಿಲ್ಲ. ಘಾಟಿ ಹತ್ತುವಾಗ ಆಯಿಲ್ಲು ಕಾದು ತೆಳ್ಳಗಾಗುತ್ತದೆ, ಒತ್ತಡ ಏರುತ್ತದೆ, ಎಂಜಿನ್ನು ನಡುಗಿ ನಡುಗಿ ಬೋಲ್ಟನ್ನು ಬಿಡಿಸುತ್ತದೆ. ಎಡಗಡೆಯ ಕೂಲರಿನ ಹಿಂದೆ ಇರುವುದು ಎಡಗಡೆಯ ಚಕ್ರ. ಆಯಿಲ್ಲು ಟೈರಿಗೆ ಎರಚಿದರೆ ತಿರುವಿನಲ್ಲಿ ಕಾರು ಜಾರುತ್ತದೆ. ಕಾದ ಸೈಲೆನ್ಸರಿನ ಕೊಳವೆಗೆ ಬಿದ್ದರೆ ಬೆಂಕಿ. ಅದೇ ಎಡಗಡೆಯ ಸೀಟಿನಲ್ಲಿ ಮಂಡಿ ನೋವಿನ ಮುದುಕರು, ಹತ್ತಲೂ ಇಳಿಯಲೂ ಮಗಳ ಕೈ ಬೇಕು. ಇವೆಲ್ಲ ಒಂದೊಂದಾಗಿ ಅಲ್ಲ, ಒಟ್ಟಿಗೇ ನನ್ನ ತಲೆಗೆ ನುಗ್ಗಿದವು.

ಫುಮಿಕಾಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಓಡಿಸುವಾಗ ಅವಳು ಫೋನನ್ನು ಚೀಲದಿಂದ ತೆಗೆಯುವುದೇ ಇಲ್ಲ, ಅಂಥ ಶಿಸ್ತಿನವಳು. ಆ ಕ್ಷಣ ಆ ಶಿಸ್ತಿಗೆ ನಾನು ಬೈದ ಬೈಗುಳ ಬರೆಯುವ ಹಾಗಿಲ್ಲ. ನೆಗಿಶಿ ಸಾನ್ ಹತ್ತಿರ ಫೋನೇ ಇಲ್ಲ. ಪೊಲೀಸರಿಗೆ ಮಾಡಿದೆ. ಹಳದಿ ಕಾರು, ಹಳೇ ಘಾಟಿ ರಸ್ತೆ, ನಿಲ್ಲಿಸಿ, ದಮ್ಮಯ್ಯ ಎಂದೆ. ಮೇಲಿನಿಂದ ಒಂದು ಗಾಡಿ ಕಳಿಸುತ್ತೇವೆ, ಅರ್ಧ ಗಂಟೆಯಾದರೂ ಬೇಕು ಎಂದರು.

"ಅರ್ಧ ಗಂಟೆಗೆ ಏನಾಗತ್ತೋ!" ಎನ್ನುತ್ತಾ ನಾನು ಮಿನಿ ಲಾರಿಯ ಬೀಗದ ಕೈ ಕಿತ್ತುಕೊಂಡು ಓಡಿದೆ. ಯಜಮಾನರು ಗೋಡೆಯ ಮೇಲಿನ ಬೆಂಕಿ ಆರಿಸುವ ಸಿಲಿಂಡರನ್ನು ಬಗಲಲ್ಲಿ ಹಿಡಿದು, ಪಾನಾಗಳ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹತ್ತಿ ಕೂತರು.

ಒಂದೇ ಒಂದು ಆಸೆ ಇತ್ತು. ನೆಗಿಶಿ ಸಾನ್ ಘಾಟಿ ಶುರುವಾಗುವ ಯೊಕೊಕಾವಾದಲ್ಲಿ ಮಣ್ಣಿನ ಮಡಕೆಯ ಅನ್ನ ತಿನ್ನದೆ ಘಾಟಿ ಹತ್ತುವವರಲ್ಲ. ತಿನ್ನುವುದೂ ನಿಧಾನ, ಒಂದೊಂದೇ ಅಣಬೆ, ಒಂದೊಂದೇ ಬಟಾಣಿ. "ಇವತ್ತು ಇನ್ನೂ ನಿಧಾನ ತಿನ್ನಪ್ಪಾ ಮಹಾರಾಯ," ಎಂದು ನಾನು ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಯಜಮಾನರು ಏನೋ ಬರೆದು ಹಲಗೆಯನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಓದೋಕಾಗಲ್ಲ ಕಣ್ರೀ! ರಸ್ತೆ ನೋಡ್ಲಾ, ನಿಮ್ಮ ಹಲಗೆ ನೋಡ್ಲಾ?"

ಕೆಂಪು ದೀಪದಲ್ಲಿ ನಿಂತಾಗ ಓದಿದೆ. "ನನ್ನ ತಪ್ಪು" ಎಂದು ಬರೆದಿದ್ದರು.

"ಅಳಿಸ್ರೀ ಅದನ್ನ," ಎಂದೆ. "ಯಾರ ತಪ್ಪು ಅಂತ ಆಮೇಲೆ ಜಗಳ ಆಡೋಣ. ಅವರಿಬ್ರೂ ಬದುಕಿದ್ರೆ ಜೀವಮಾನ ಪೂರ್ತಿ ಆಡೋಣ."

ಯೊಕೊಕಾವಾದ ಅಂಗಡಿಯ ಮುಂದೆ ಹಳದಿ ಕಾರು ಇರಲಿಲ್ಲ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಯಜಮಾನರು ಕಿಟಕಿಯಿಂದ ಕೈ ಹೊರಗೆ ಹಾಕಿ ತೋರಿಸಿದರು: ಖಾಲಿ ಬಿದ್ದ ಒಂದು ಜಾಗದಲ್ಲಿ, ಎಡಗಡೆಯ ಚಕ್ರ ಎಲ್ಲಿರಬೇಕೋ ಅಲ್ಲಿ, ತಟ್ಟೆಯಗಲದ ಒಂದು ಕಲೆ. ಇಳಿದು ಮುಟ್ಟಿ ಮೂಸಿದೆ. ಜೇನುತುಪ್ಪದ ಬಣ್ಣ, ಹೊಸ ಆಯಿಲ್ಲು, ಬೆಳಿಗ್ಗೆ ನಾನೇ ಸುರಿದದ್ದು. ಡಾಂಬರಿನ ಬಿಸಿಗೋ ಏನೋ, ಇನ್ನೂ ಬೆಚ್ಚಗಿತ್ತು.

ಅಲ್ಲಿಂದ ಮುಂದೆ ಹಳೇ ರಸ್ತೆ. ತಿರುವುಗಳಿಗೆಲ್ಲ ನಂಬರಿನ ಫಲಕ ಹಾಕಿದ್ದಾರೆ, ಒಂದರಿಂದ ನೂರಾ ಎಂಬತ್ತನಾಲ್ಕರವರೆಗೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅವನ್ನು ಜೋರಾಗಿ ಎಣಿಸುತ್ತಾ ಹತ್ತುತ್ತಿದ್ದೆವು. ಅವತ್ತು ನನಗೆ ಫಲಕಗಳನ್ನು ನೋಡಲು ಹೆದರಿಕೆ. ಏಳು, ಎಂಟು, ಒಂಬತ್ತು. ಪ್ರತಿ ತಿರುವಿನ ಆಚೆಗೂ ಏನೋ ಕಾಣಿಸುತ್ತದೆ ಎಂದು ಎದೆ ಹೊಡೆದುಕೊಳ್ಳುವುದು, ಏನೂ ಇರುವುದಿಲ್ಲ, ಮುಂದಿನ ತಿರುವು. ರಸ್ತೆಯ ಮೇಲೆ ಹತ್ತು ಹದಿನೈದು ಮಾರಿಗೊಂದು ಕಪ್ಪು ಚುಕ್ಕೆ. ಬಲಗಡೆ ಮರಗಳ ನಡುವೆ ಕಣಿವೆ.

ಕೆಂಪಿಟ್ಟಿಗೆಯ ಹಳೇ ರೈಲು ಸೇತುವೆಯ ಹತ್ತಿರ ಗಾಡಿ ನಿಲ್ಲಿಸುವ ಜಾಗವಿದೆ. ಅಲ್ಲೂ ಒಂದು ಕಲೆ, ಮೊದಲಿನದಕ್ಕಿಂತ ದೊಡ್ಡದು. ಪಕ್ಕದಲ್ಲಿ ಸೈಕಲ್ ಒರಗಿಸಿಕೊಂಡು ಒಬ್ಬ ನೀರು ಕುಡಿಯುತ್ತಿದ್ದ.

"ಹಳದಿ ಕಾರು ನೋಡಿದ್ರಾ?" ಎಂದು ಕಿಟಕಿಯಿಂದಲೇ ಕೂಗಿದೆ.

"ಓ, ಆ ತಾತನ ಕಾರಾ? ಈಗ ಹೋಯ್ತಲ್ಲ, ಹತ್ತು ನಿಮಿಷ ಆಯ್ತು. ಸುಟ್ಟ ವಾಸನೆ ಬರ್ತಿತ್ತು, ಮಗಳು ನಿಲ್ಸಿದ್ರು. ಆಯಿಲ್ ತೊಟ್ಟಿಕ್ತಿದೆ, ವಾಪಸ್ ಹೋಗೋಣಪ್ಪ ಅಂದ್ರು."

"ಮತ್ತೆ?"

"ತಾತ ನೆಲದ ಮೇಲೆ ಮಲ್ಕೊಂಡೇಬಿಟ್ರು ಕಣ್ರೀ, ಈ ವಯಸ್ಸಲ್ಲಿ! ನನ್ನ ಮೊಬೈಲ್ ಬೆಳಕಲ್ಲಿ ಕೆಳಗೆ ನೋಡಿ, ಮಗಳ ಕೈ ಹಿಡಿದು ಎದ್ದು ನಗಾಡಿದ್ರು. 'ಬಿಳಿ ಗೆರೆ ನೆಟ್ಟಗಿದೆ. ಮೊಗಿಯವರು ಗೆರೆ ಎಳೆದ ಮೇಲೆ ಅದು ಸೋರೋದುಂಟಾ? ಕೆಲಸ ಮಾಡೋವಾಗ ಚೆಲ್ಲಿದ್ದ ಆಯಿಲ್ಲು, ಸುಟ್ಟು ಹೋಗತ್ತೆ, ನಡಿ' ಅಂದ್ರು. ಮೊಗಿ ಅಂದ್ರೆ ಯಾರು, ನಿಮಗೆ ಗೊತ್ತಾ?"

ನಾನು ಲಾರಿಗೆ ಗೇರು ಹಾಕಿದೆ. ಗೆರೆ ಇಲ್ಲದೆ ಇದ್ದಿದ್ದರೆ ಅವರು ಅಲ್ಲಿಂದಲೇ ವಾಪಸು ಬರುತ್ತಿದ್ದರು. ಬೋಲ್ಟು ತಿರುಗಿರಲಿಲ್ಲ, ಅದಕ್ಕೇ ಗೆರೆ ನೆಟ್ಟಗೇ ಇತ್ತು. ವಾಷರು ಹಿಂಡಿರಲಿಲ್ಲ, ಅದಕ್ಕೇ ಸೋರುತ್ತಿತ್ತು. ಅಷ್ಟನ್ನು ಅವರು ಹೇಗೆ ತಿಳಿಯಬೇಕು? ನನ್ನ ಕೈಯ ಒಂದಂಗುಲ ಬಿಳಿ ಬಣ್ಣ ಅವರನ್ನು ಮೇಲಕ್ಕೆ ಕಳಿಸಿತ್ತು.

ಐವತ್ತು. ಅರವತ್ತು. ಈ ಮಿನಿ ಲಾರಿಗೆ ಏರು ಬಂದರೆ ದಮ್ಮು ಹತ್ತುತ್ತದೆ. ಎರಡನೇ ಗೇರಿನಲ್ಲಿ ಅರಚಿಕೊಳ್ಳುತ್ತಾ ಹೋಯಿತು. ಎಂಬತ್ತು ದಾಟಿದ ಮೇಲೆ ಚುಕ್ಕೆಗಳು ಹತ್ತಿರಹತ್ತಿರವಾದವು. ನೂರರ ಹತ್ತಿರ ಅವು ಸೇರಿ ಗೆರೆಯಾದವು. ಬೋಲ್ಟು ಈಗ ನಿಜಕ್ಕೂ ಬಿಡುತ್ತಿದೆ. ಯಜಮಾನರು ಹಲಗೆಯನ್ನು ಕಾಲಡಿಗೆ ಎಸೆದು ಮುಂದಿನ ಗಾಜಿಗೆ ಮುಖವಿಟ್ಟು ಕೂತಿದ್ದರು. ನಾನು ಮಾತಾಡುತ್ತಲೇ ಇದ್ದೆ, ಏನು ಮಾತಾಡಿದೆನೋ ಗೊತ್ತಿಲ್ಲ. ಸುಮ್ಮನಾದರೆ ಅಳು ಬರುತ್ತಿತ್ತು.

ನೂರಾ ಇಪ್ಪತ್ತರ ಆಚೆ ಆಯಿಲ್ಲಿನ ಗೆರೆ ನಿಂತುಹೋಯಿತು.

"ನಿಂತಿದೆ! ರೀ, ಸೋರೋದು ನಿಂತಿದೆ!" ಎಂದೆ.

ಯಜಮಾನರು ತಲೆ ಅಲ್ಲಾಡಿಸಿದರು. ಆಮೇಲೆ ನನಗೂ ಹೊಳೆಯಿತು. ಸೋರಲು ಇನ್ನೇನೂ ಉಳಿದಿರಲಿಕ್ಕಿಲ್ಲ. ಇಲ್ಲವೇ ಎಲ್ಲ ಗಾಳಿಗೆ ಹಾರಿ ಟೈರಿಗೇ ಬಡಿಯುತ್ತಿರಬೇಕು. ಮುಂದಿನ ತಿರುವಿನಲ್ಲಿ ರಸ್ತೆಯ ಮೇಲೆ ಎಡ ಚಕ್ರದ ಅಚ್ಚು ಕಂಡಿತು, ಒದ್ದೆಯಾಗಿ, ಮಿರಮಿರ ಹೊಳೆಯುತ್ತಾ.

ಹೊಗೆ ಮೊದಲು ಕಂಡದ್ದು ಇವರಿಗೆ. ನನ್ನ ಭುಜ ಹಿಡಿದು ಅಲುಗಿಸಿದರು. ನೂರಾ ಮೂವತ್ತೊಂದನೆಯ ಬಲ ತಿರುವು, ಎಡಗಡೆ ಬೆಟ್ಟದ ಮಣ್ಣುಗೋಡೆ. ಕಾರು ತಿರುಗದೆ ನೆಟ್ಟಗೆ ಹೋಗಿ ಚರಂಡಿಗೆ ಇಳಿದು, ಎಡ ಮಗ್ಗುಲನ್ನು ಪೂರ್ತಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಮುಂದಿನ ಮೂಲೆಯಿಂದ ದಟ್ಟ ಹೊಗೆ. ಅದರೊಳಗೆ ನಾಲಿಗೆಯಷ್ಟುದ್ದದ ಕಿತ್ತಳೆ ಉರಿ. ಫುಮಿಕಾ ತನ್ನ ಬಾಗಿಲಿನಿಂದ ಅರ್ಧ ಒಳಗೆ ನುಗ್ಗಿ ಅಪ್ಪನ ತೋಳು ಜಗ್ಗುತ್ತಿದ್ದಳು.

"ಆಂಟಿ! ಅಪ್ಪ ಬರ್ತಿಲ್ಲ! ಆ ಕಡೆ ಬಾಗಿಲು ತೆಗೆಯೋಕಾಗ್ತಿಲ್ಲ!"

ನಾನು ಲಾರಿಗೆ ಹ್ಯಾಂಡ್‌ಬ್ರೇಕ್ ಹಾಕಿದೆನೋ ಇಲ್ಲವೋ ನೆನಪಿಲ್ಲ. ಓಡಿದೆ. ಅವಳನ್ನು ಸೊಂಟ ಹಿಡಿದು ಆಚೆಗೆ ಎಳೆದು ನಾನು ಒಳಗೆ ನುಗ್ಗಿದೆ. ಗೇರಿನ ಕಂಬ ಹೊಟ್ಟೆಗೆ ಒತ್ತಿತು. ಹೊಗೆ ಕಣ್ಣಿಗೆ ಖಾರ ಎರಚಿದ ಹಾಗಿತ್ತು. ಮುದುಕರು ಸೀಟಿನಲ್ಲಿ ಸಿಕ್ಕಿಕೊಂಡಿದ್ದರು; ಬೆಲ್ಟು ಬಿಚ್ಚಿತ್ತು, ಆದರೆ ನೋವಿನ ಕಾಲು ಡ್ಯಾಷಿನ ಕೆಳಗೆ ಮಡಿಸಿಕೊಂಡು ಕೂತುಬಿಟ್ಟಿತ್ತು.

"ಯಜಮಾನ್ತಿ, ನೀವು ಇಲ್ಲಿಗೆ ಹೇಗೆ ಬಂದ್ರಿ?" ಎಂದರು, ಕೆಮ್ಮುತ್ತಾ.

"ಆಮೇಲೆ ಕೇಳಿ! ಕಾಲು ಕೊಡಿ ಇಲ್ಲಿ!"

"ನೋಯತ್ತೆ."

"ನೋಯ್ಲಿ!"

ಅವರ ಪ್ಯಾಂಟನ್ನು ಮಂಡಿಯ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅವರು ಕಿರುಚಿದರು, ಕಾಲು ಬಂತು. ಹಿಂದಿನಿಂದ ಫುಮಿಕಾ ನನ್ನನ್ನು ಎಳೆದಳು, ನಾನು ಅವರನ್ನು ಎಳೆದೆ, ಮೂವರೂ ರಸ್ತೆಯ ಮೇಲೆ ರಾಶಿಯಾಗಿ ಬಿದ್ದೆವು. ಆ ಹೊತ್ತಿಗೆ ಯಜಮಾನರ ಸಿಲಿಂಡರು ಬುಸ್ ಎಂದು ಬಿಳಿ ಪುಡಿ ಕಾರುತ್ತಿತ್ತು. ಇವರು ಉರಿಗೆ ಒಂದು ಮಾರು ದೂರದಲ್ಲಿ ನಿಂತು, ಬಾಯಗಲ ತೆರೆದು ಕೂಗುತ್ತಿದ್ದರು. ಗಾಳಿ ಬಿಟ್ಟು ಏನೂ ಹೊರಗೆ ಬರಲಿಲ್ಲ. ಬೆಂಕಿ ಆರಿತು. ಸಿಲಿಂಡರು ಖಾಲಿಯಾದ ಮೇಲೂ ಅದನ್ನು ಅಲ್ಲಿಗೇ ಹಿಡಿದು ನಿಂತಿದ್ದರು, ನಾನು ಹೋಗಿ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.

ಮುಂದಿನ ತಿರುವಿಗೆ ನಡೆದು ಹೋಗಿ ನೋಡಿದೆ, ಯಾಕೆ ಹೋದೆನೋ. ನೂರಾ ಮೂವತ್ತೆರಡರಲ್ಲಿ ಕಣಿವೆ ಎಡಗಡೆಗಿತ್ತು. ತಗ್ಗಾದ ಕಬ್ಬಿಣದ ಬೇಲಿ, ಅದರಾಚೆ ಮರದ ತುದಿಗಳು ಮಾತ್ರ ಕಾಣುತ್ತಿದ್ದವು. ಅಲ್ಲೇ ರಸ್ತೆಯ ಅಂಚಿನಲ್ಲಿ ಕೂತು ಎರಡು ತುತ್ತು ಶಾವಿಗೆಯನ್ನು ವಾಂತಿ ಮಾಡಿಕೊಂಡೆ.

ವಾಪಸು ಬಂದಾಗ ನೆಗಿಶಿ ಸಾನ್ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಮುಖವೆಲ್ಲ ಮಸಿ, ಮಂಡಿ ಊದಿಕೊಂಡಿತ್ತು. ನನ್ನ ಯಜಮಾನರ ಕೈ ಹಿಡಿದುಕೊಂಡು ಅವರೇ ಸಮಾಧಾನ ಹೇಳುತ್ತಿದ್ದರು.

"ಟಾಕು ಸಾನ್, ನೀವು ಮನಸ್ಸಿಗೆ ಹಚ್ಕೋಬೇಡಿ. ಹೊಸ ಹೋಸೇ ಒಡೆದಿರ್ಬೇಕು, ಈಗಿನ ಮಾಲು ಹಂಗೇ. ನಿಮ್ಮ ಕೆಲಸ ನಾನು ಕಣ್ಣಾರೆ ನೋಡ್ದೆ. ಗೆರೆ ನೆಟ್ಟಗಿತ್ತು. ಪೊಲೀಸರು ಬಂದ್ರೂ ನಾನು ಅದನ್ನೇ ಹೇಳ್ತೀನಿ."

ಯಜಮಾನರು ನನ್ನ ಕಡೆ ನೋಡಿದರು. ಹಲಗೆ ಲಾರಿಯಲ್ಲಿ ಬಿದ್ದಿತ್ತು. ಈಗ ಹೇಳುವ ಬಾಯಿ ಇದ್ದದ್ದು ನನ್ನದೊಂದೇ. ಸುಮ್ಮನಿದ್ದುಬಿಡು ಎಂದು ನನ್ನೊಳಗೆ ಯಾರೋ ಹೇಳಿದ್ದು ನಿಜ. ಅರ್ಧ ಸುಟ್ಟ ಕಾರು, ಯಾರು ಬೋಲ್ಟು ನೋಡುತ್ತಾರೆ? ಆ ದನಿಗೆ ನನಗೆ ಬೆಂಕಿಗಿಂತ ಹೆಚ್ಚು ಹೆದರಿಕೆಯಾಯಿತು.

"ಹೋಸು ಒಡೆದಿಲ್ಲ," ಎಂದೆ. "ಕೆಳಗಿನ ಬೋಲ್ಟು ನಾವು ಬಿಗಿ ಮಾಡೇ ಇಲ್ಲ. ಇವರು ಸೊಳ್ಳೆ ಹೊಡೆದ್ರು. ನಾನು ಯೊಶಿ ಅಂದ್ಕೊಂಡು ಗೆರೆ ಎಳೆದೆ."

ಮುದುಕರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ, ಚಪ್ಪಾಳೆಯ ವಿಷಯ, ಪಾರ್ಸೆಲ್ಲಿನ ವಿಷಯ, ಎಲ್ಲವನ್ನೂ. ನಾವಿಬ್ಬರೂ ಡಾಂಬರಿನ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದೆವು. ಡಾಂಬರು ಸುಡುತ್ತಿತ್ತು. ಬಹಳ ಹೊತ್ತು ಯಾರೂ ಏಳಿ ಎನ್ನಲಿಲ್ಲ. ಫುಮಿಕಾ ಮಾತ್ರ ಸಣ್ಣ ದನಿಯಲ್ಲಿ, "ವಾಪಸ್ ಹೋಗೋಣ ಅಂತ ನಾನು ಹೇಳಿದ್ದೆ ಅಪ್ಪ," ಎಂದಳು.

ಪೊಲೀಸರು ಬಂದರು, ಅಳತೆ ಹಿಡಿದರು, ರಸ್ತೆಗೆ ಮರಳು ಹಾಕಿಸಿದರು. ಮುದುಕರ ಮಂಡಿಯನ್ನು ಬೇಗ ಡಾಕ್ಟರಿಗೆ ತೋರಿಸಬೇಕಿತ್ತು. ಆಂಬುಲೆನ್ಸು ಬೇಡವೇ ಬೇಡ ಎಂದು ಅವರು ಹಟ ಹಿಡಿದರು. ಕಾರು ಎತ್ತುವ ಗಾಡಿ ಬರುವ ತನಕ ಫುಮಿಕಾ ಮತ್ತು ನನ್ನ ಯಜಮಾನರು ಅಲ್ಲೇ ಇರುವುದು, ನಾನು ಅವರನ್ನು ಮಿನಿ ಲಾರಿಯಲ್ಲಿ ಕೆಳಗೆ ಕರೆದೊಯ್ಯುವುದು ಎಂದಾಯಿತು. ಕಾರಿನ ಕಡೆ ಒಂದು ಸಲವೂ ತಿರುಗಿ ನೋಡದೆ ಅವರು ಲಾರಿ ಹತ್ತಿದರು.

ಮೂರು ತಿರುವು ಇಳಿದೆವು. ಅವರು ಬೈದುಬಿಟ್ಟಿದ್ದರೆ ನನಗೆ ಉಸಿರು ಬರುತ್ತಿತ್ತು. ನಾಲ್ಕನೆಯ ತಿರುವಿಗೆ ಮುಂಚೆ ಬಾಯಿ ಬಿಟ್ಟರು.

"ಈ ಲಾರಿ ಚಕ್ರದ ನಟ್ಟು ಯಾರು ಬಿಗಿ ಮಾಡಿದ್ದು?"

"ನಾವೇ," ಎಂದೆ.

"ಯಾವಾಗ?"

"ಹೋದ ತಿಂಗ್ಳು. ಹೊಸ ಟೈರು ಹಾಕ್ದಾಗ."

"ಗೆರೆ ಎಳೆದಿದೀರಾ?"

"ಎಳೆದಿದೀವಿ."

ಅವರು ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಮುಂದೆ ನೋಡುತ್ತಾ ಕೂತರು. ನಾನು ಜ್ಞಾಪಿಸಿಕೊಳ್ಳಲು ಹೊರಟೆ. ನಾಲ್ಕು ಚಕ್ರ, ಹದಿನಾರು ನಟ್ಟು. ಹದಿನಾರು ಚಪ್ಪಾಳೆ ಕೇಳಿದ್ದೆನೇ? ಜುಲೈ ತಿಂಗಳು, ಮಳೆ ಆಗಷ್ಟೇ ಬಿಟ್ಟಿತ್ತು, ಗ್ಯಾರೇಜಿನ ತುಂಬ ಸೊಳ್ಳೆ. ಅದರ ಹಿಂದಿನ ವಾರ ಬ್ರೇಕು ಮಾಡಿಸಿಕೊಂಡು ಹೋದ ಪೋಸ್ಟಾಫೀಸಿನವರು, ಅದಕ್ಕೂ ಮುಂಚೆ ಆ ಗರ್ಭಿಣಿ ಹುಡುಗಿಯ ಸ್ಟೀರಿಂಗು, ಎರಡು ಬೇಸಿಗೆಯಲ್ಲಿ ನಮ್ಮ ಬಾಗಿಲು ದಾಟಿಹೋದ ಅಷ್ಟೂ ಗಾಡಿ. ಇಳಿಜಾರಿನಲ್ಲಿ ಎದುರಿಗೆ ಬೇಲಿ, ಬೇಲಿಯಾಚೆ ಮರದ ತುದಿಗಳು. ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.

ರಸ್ತೆ ಸ್ವಲ್ಪ ಅಗಲವಾದ ಕಡೆ ಲಾರಿ ನಿಲ್ಲಿಸಿ, ಡಬ್ಬಿಯಿಂದ ಟಾರ್ಕ್ ಪಾನಾ ತೆಗೆದುಕೊಂಡು ಇಳಿದೆ. ಆ ಕಡೆಯ ಬಾಗಿಲೂ ತೆರೆಯಿತು. ನೆಗಿಶಿ ಸಾನ್ ಲಾರಿಯನ್ನು ಹಿಡಿದುಕೊಂಡು ಕುಂಟುತ್ತಾ ಬಂದು, ಚಕ್ರದ ಪಕ್ಕದಲ್ಲಿ ಬಗ್ಗಿ ಕಿವಿ ಕೊಟ್ಟರು. ಹದಿನಾರು ಟ‌ಕ್ ಕೇಳುವ ತನಕ ಅವರು ಲಾರಿ ಹತ್ತಲಿಲ್ಲ.